ಪುಟ್ಟತಾಯಮ್ಮನ ಸಂಚಿಯ ಮಟ್ಟ

ನಮ್ಮ ಪಿಕಪ್ ಗಾಡಿ ಹೋದ ತಿಂಗಳು ಒಂದು ಊರಿನ ನಡುಬೀದಿಯಲ್ಲಿ ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು.

ಕೂತದ್ದು ರೋಡ್ ಹಂಪಿನ ಮೇಲೆ. ಮುಂದಿನ ಚಕ್ರ ಹಂಪಿನ ಆಚೆ, ಹಿಂದಿನ ಚಕ್ರ ಈಚೆ, ನಡುವೆ ಗಾಡಿಯ ಹೊಟ್ಟೆ ಸಿಮೆಂಟಿಗೆ ಕಚ್ಚಿಕೊಂಡಿದೆ. ಸ್ಟೀರಿಂಗ್ ಹಿಡಿದಿದ್ದವಳು ನನ್ನ ನಾದಿನಿ ರತ್ನ. ಅವಳು ಆಕ್ಸಿಲರೇಟರ್ ತುಳಿದರೆ ಹೊಗೆ ಬರುತ್ತಿತ್ತೇ ಹೊರತು ಗಾಡಿ ಬರುತ್ತಿರಲಿಲ್ಲ. ರಿವರ್ಸ್ ಹಾಕಿದಳು. ಕೆಳಗಿನಿಂದ ತಗಡು ಹರಿದ ಸದ್ದು ಬಂತು. ಆಫ್ ಮಾಡಿದಳು.

ಊರಿನ ಹೆಸರು ಹೇಳುವುದಿಲ್ಲ. ಬಿಳಿಕೆರೆಯಿಂದ ಒಳಕ್ಕೆ ಹೋಗಬೇಕು, ಅಷ್ಟು ಸಾಕು. (ಹೆಸರು ಹೇಳಿದರೆ ಆ ಊರಿನ ಮುಂದಿನ ಬೀಗರ ಊಟ ನಮ್ಮ ಕೈ ತಪ್ಪುತ್ತದೆ. ಧೈರ್ಯಕ್ಕೂ ಒಂದು ಲೆಕ್ಕಾಚಾರ ಇರಬೇಕಲ್ಲವೇ?)

ಗಂಡಸರು ಎಲ್ಲಿಂದ ಬಂದರೋ ಗೊತ್ತಿಲ್ಲ. ಒಬ್ಬ ಬಗ್ಗಿ ನೋಡಿದ. ಇನ್ನೊಬ್ಬ ಟೈರಿಗೆ ಒದ್ದ. ಟೈರಿಗೆ ಒದ್ದರೆ ಏನು ಗೊತ್ತಾಗುತ್ತದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ, ಆದರೆ ಕೆಟ್ಟು ನಿಂತ ಗಾಡಿಯ ಟೈರಿಗೆ ಒದೆಯದ ಗಂಡಸನ್ನು ನಾನು ನೋಡಿಲ್ಲ. ಮೂರನೆಯವನು ತೀರ್ಪು ಕೊಟ್ಟ: "ಗಾಡಿ ಕುಳ್ಳು ಕಣ್ರಕ್ಕ. ಹಿಂದ್ಗಡೆ ಎತ್ರ ಮಾಡ್ಸಿ."

ಹಂಪಿನ ಪಕ್ಕದಲ್ಲೇ ಒಂದು ಹೊಸ ಮನೆ. ಅದರ ಜಗಲಿಯ ಮೇಲೆ ಜವರಪ್ಪನವರು ಕೂತಿದ್ದರು. ಊರಿನ ಯಜಮಾನರು. ಮನೆ ಕಟ್ಟಿದಾಗ ಮಿಕ್ಕ ಕಾಂಕ್ರೀಟನ್ನು ಬೀದಿಗೆ ಸುರಿಸಿ ಹಂಪು ಮಾಡಿಸಿದವರು ಅವರೇ. ಮೊಮ್ಮಕ್ಕಳು ಬೀದಿಯಲ್ಲಿ ಆಡುತ್ತವೆ, ಬೈಕಿನವರು ಹಾರಿಸಿಕೊಂಡು ಹೋಗುತ್ತಾರೆ ಎನ್ನುವುದು ಕಾರಣ. ಕಾರಣ ಸರಿಯಾಗಿಯೇ ಇತ್ತು. ಕಾಂಕ್ರೀಟು ಸ್ವಲ್ಪ ಜಾಸ್ತಿ ಮಿಕ್ಕಿತ್ತು, ಅಷ್ಟೇ.

"ಅಲ್ಲಾ ಕಣವ್ವ," ಎಂದರು ಕೂತಲ್ಲಿಂದಲೇ, "ಮುಂದಿನ್ ತಿಂಗ್ಳು ನಮ್ಮನೆ ಬೀಗರೂಟಕ್ಕೆ ನೀವೇ ಅಲ್ವಾ ಬರೋದು? ಅಷ್ಟ್ರೊಳ್ಗೆ ಈ ಗಾಡೀನ ಒಸಿ ಎತ್ರ ಮಾಡುಸ್ಬುಡಿ. ಅವತ್ತೂ ನಮ್ಮನೆ ಮುಂದೆ ಇಂಗೇ ಕುಂತ್ಕಂಡ್ರೆ ಬೀಗ್ರು ಏನಂದಾರು?"

ನಮ್ಮ ಪುಟ್ಟತಾಯಮ್ಮ ಕಿಟಕಿ ಪಕ್ಕ ಕೂತು ಇದನ್ನೆಲ್ಲ ಕೇಳಿಸಿಕೊಂಡರು. ಸೊಂಟದ ಸಂಚಿ ಬಿಚ್ಚಿ, ಒಂದು ಎಲೆ ತೆಗೆದು ಸುಣ್ಣ ಹಚ್ಚತೊಡಗಿದರು. ಆಕೆ ಮಾತಾಡದೆ ಸುಣ್ಣ ಹಚ್ಚುತ್ತಿದ್ದಾರೆ ಎಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಅರ್ಥ.

ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಒಂದು ಮಾತು. ನಾನು ವಾರಕ್ಕೊಮ್ಮೆ ಇಲ್ಲಿ ಬರೆಯುತ್ತೇನೆ, ಉಳಿದ ದಿನ ಅಡುಗೆ ಮಾಡುತ್ತೇನೆ. ಹುಣಸೂರಿನಲ್ಲಿ ನಮ್ಮದೊಂದು ಹೆಂಗಸರ ಗುಂಪು. ಬೀಗರ ಊಟ, ನಾಮಕರಣ, ಗೃಹಪ್ರವೇಶ, ತಿಥಿ, ಯಾವುದಾದರೂ ಸರಿ. ಪಾತ್ರೆಯೂ ನಮ್ಮದೇ, ಅಡುಗೆಯೂ ನಮ್ಮದೇ. ನನ್ನದು ಮಸಾಲೆ. ರತ್ನಳದು ಒಲೆ ಮತ್ತು ಗಾಡಿ. ಪುಟ್ಟತಾಯಮ್ಮನದು ಮುದ್ದೆ. ಊರಿಗೆ ಊರೇ ಉಣ್ಣುವಷ್ಟು ಹಿಟ್ಟನ್ನು ಒಂದೇ ಒಂದು ಗಂಟಿಲ್ಲದೆ ತೊಳಸುವ ಹೆಂಗಸು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ವಯಸ್ಸು ಅರವತ್ತು ದಾಟಿದೆ. ಎತ್ತರ ನನ್ನ ಹೆಗಲಿನವರೆಗೆ. (ನಾನೇನೂ ತೆಂಗಿನ ಮರವಲ್ಲ ಎನ್ನುವುದನ್ನು ಗಮನಿಸಿ.)

ಮೊದಲು ನಮಗೆ ಸ್ವಂತ ಗಾಡಿ ಇರಲಿಲ್ಲ. ಬಾಡಿಗೆ ಟೆಂಪೊ, ಬಾಡಿಗೆ ಆಳು. ಬೀಗರ ಊಟ ಎಂದರೆ ನಿಮಗೆ ಗೊತ್ತೇ ಇದೆ. ಪೆಂಡಾಲಿನೊಳಗೆ ಮುದ್ದೆ-ಮಾಂಸ, ಹಿತ್ತಿಲ ಮೂಲೆಯಲ್ಲಿ ಬಾಟಲಿ. ನಮ್ಮ ಪಾತ್ರೆ ಎತ್ತಬೇಕಾದವರು ಸದಾ ಹಿತ್ತಿಲ ಮೂಲೆಯಲ್ಲೇ ಇರುತ್ತಿದ್ದರು. ಬಡಿಸಿ, ಉಂಡು, ಪಾತ್ರೆ ಉಜ್ಜಿ ತೊಳೆದು, ಬೋರಲು ಹಾಕಿ, ಸೆರಗು ಕೊಡವಿಕೊಂಡು ನಾವು ರಸ್ತೆ ಬದಿಯಲ್ಲಿ ಕೂತಿರಬೇಕು. "ಎತ್ತೋರು ಬತ್ತಾವ್ರೆ ಇರಿ" ಎನ್ನುತ್ತಿದ್ದರು. ಹೊತ್ತು ಮುಳುಗುತ್ತಿತ್ತು, ಅವರು ಮಾತ್ರ ಬರುತ್ತಿರಲಿಲ್ಲ. ಬಂದರೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಬರುತ್ತಿದ್ದರು.

ಪಿರಿಯಾಪಟ್ಟಣದ ಕಡೆ ಒಂದು ಸಲ ಅಂಥ ಒಬ್ಬ ಮಹಾನುಭಾವ ಕೊಪ್ಪರಿಗೆಯನ್ನು ಪುಟ್ಟತಾಯಮ್ಮನ ಕಾಲ ಮೇಲೆ ಬಿಟ್ಟ. ಹೆಬ್ಬೆರಳಿನ ಉಗುರು ಹೋಯಿತು. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಹರಿದ ಸೀರೆಯ ಚೂರು ಸುತ್ತಿಕೊಂಡು ಹೇಳಿದರು: "ಇನ್ಮ್ಯಾಕೆ ನನ್ ಪಾತ್ರೆ ನಾನೇ ಎತ್ತೋದು ಕಣವ್ವ. ಎತ್ತಕ್ಕಾಗ್ದಿದ್ ದಿನ ಮನೇಲಿ ಕುಂತ್ಕತೀನಿ."

ಈ ಎರಡನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಆಗ ಸಿಕ್ಕಿದ್ದು ಈ ಪಿಕಪ್. ಕೆ.ಆರ್. ನಗರದ ಒಬ್ಬ ಶೋಕಿ ಯುವಕನದು. ಅವನು ಅದರ ಹಿಂಭಾಗವನ್ನು ಇಳಿಸಿಬಿಟ್ಟಿದ್ದ. ಅಂದರೆ ಹಿಂದಿನ ಆಕ್ಸಲ್ ಮೇಲೆ ಒಂದರ ಮೇಲೊಂದು ಬಾಗಿದ ಉಕ್ಕಿನ ಪ್ಲೇಟುಗಳಿರುತ್ತವಲ್ಲ, ನಾವು ಕಮಾನು ಎನ್ನುತ್ತೇವೆ, ಅದರಲ್ಲಿ ಕೆಲವನ್ನು ತೆಗೆಸಿ, ಉಳಿದದ್ದರ ಬಾಗನ್ನು ಬಡಿಸಿ ಕಡಿಮೆ ಮಾಡಿಸಿದ್ದ. ಗಾಡಿ ನೆಲ ಮೂಸಿಕೊಂಡು ಹೋದರೆ ಸ್ಟೈಲ್ ಅಂತೆ. ಗ್ಲಾಸಿನ ಮೇಲೆ ದೊಡ್ಡ ಸಿಂಹದ ಸ್ಟಿಕರ್ ಬೇರೆ. ಮದುವೆ ಗೊತ್ತಾದ ಮೇಲೆ ಮಾವ ಬಂದು ನೋಡಿ, "ಇದ್ರಲ್ಲಿ ಒಂದ್ ಮೂಟೆ ಗೊಬ್ರ ಏರಕ್ಕಾದದಾ?" ಎಂದು ಕೇಳಿದರಂತೆ. ಹುಡುಗ ಮಾರಿಬಿಟ್ಟ.

ಗಾಡಿ ಮನೆಗೆ ತಂದ ದಿನ ನೋಡಿದವರೆಲ್ಲ ಒಂದೇ ಮಾತು: ಮೊದಲು ಎತ್ತರ ಮಾಡಿಸಿ. ನನ್ನ ಗಂಡ ಹೇಳಿದರು, ಮೈದುನ ಹೇಳಿದ, ಹಾಲು ಹಾಕುವವನೂ ಹೇಳಿದ. ಪುಟ್ಟತಾಯಮ್ಮ ಮಾತ್ರ ಸುಮ್ಮನೆ ಗಾಡಿಯ ಹಿಂದೆ ಹೋಗಿ ನಿಂತರು. ಹಿಂದಿನ ಬಾಗಿಲು ಇಳಿಸಿದರೆ ಸಾಮಾನು ಹೇರುವ ಟ್ರೇಯ ಅಂಚು ಸರಿಯಾಗಿ ಅವರ ಸೊಂಟದ ಸಂಚಿಯ ಮಟ್ಟಕ್ಕೆ ಬಂತು. ರತ್ನಳನ್ನು ಕರೆದು ಕೊಪ್ಪರಿಗೆಯ ಆ ಕಡೆ ಹಿಡಿಬಳೆ ಹಿಡಿಸಿದರು, ಈ ಕಡೆ ಬಳೆ ತಾವು ಹಿಡಿದರು. ಒಂದು ಸಲ ತೂಗಿದರು. ಕೊಪ್ಪರಿಗೆ ಅಂಚಿನ ಮೇಲೆ ಕೂತಿತು. ಒಂದು ತಳ್ಳು ತಳ್ಳಿದರು. ಒಳಗೆ.

"ಇದ ನನ್ ಅಳ್ತೇಲೇ ಮಾಡವ್ರೆ ಕಣವ್ವ," ಎಂದರು.

ಎಂಥ ಚಂದ ನೋಡಿ. ಒಬ್ಬ ಯುವಕ ಹುಡುಗಿಯರು ತಿರುಗಿ ನೋಡಲಿ ಎಂದು ಇಳಿಸಿದ ಗಾಡಿ, ಅರವತ್ತು ದಾಟಿದ ಹೆಂಗಸಿಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಷ್ಟು ಸರಿಹೊಂದಿತು. ಅವತ್ತಿನಿಂದ ನಾವು ಯಾರಿಗೂ ಕಾದಿಲ್ಲ. ಪಾತ್ರೆ ತೊಳೆದ ತಕ್ಷಣ ಎತ್ತುತ್ತೇವೆ, ಹೊರಡುತ್ತೇವೆ. ಹೊರಡುವ ಮುನ್ನ ಟ್ರೇಯ ಅಂಚಿನ ಮೇಲೆ ಸಾಲಾಗಿ ಕೂತು ಟೀ ಕುಡಿಯುತ್ತೇವೆ. ಪಾತ್ರೆಯ ಭಾರಕ್ಕೆ ಗಾಡಿ ಇನ್ನೂ ತಗ್ಗಿರುತ್ತದೆ, ಕಾಲು ನೆಲಕ್ಕೆ ಎಟುಕುತ್ತದೆ. ಆ ಅಂಚು ನಮ್ಮ ಜಗಲಿ. ಗಂಡಸರಿಗೆ ಊರಿಗೊಂದು ಜಗಲಿ ಇದೆ, ನಮಗೆ ಇದೊಂದು.

ಈಗ ಗೊತ್ತಾಯಿತಲ್ಲ, ಜವರಪ್ಪನವರ "ಒಸಿ ಎತ್ರ"ದ ಅರ್ಥ?

ಹಂಪಿನ ಮೇಲಿಂದ ಗಾಡಿಯನ್ನು ಹೇಗೋ ತಳ್ಳಿಸಿಕೊಂಡು, ಸೈಲೆನ್ಸರನ್ನು ತಂತಿಯಲ್ಲಿ ಕಟ್ಟಿಕೊಂಡು, ಮಾರನೆಯ ದಿನ ಹುಣಸೂರಿನಲ್ಲಿ ನಂಜುಂಡನ ಗ್ಯಾರೇಜಿಗೆ ಹೋದೆವು. ನಂಜುಂಡ ಒಳ್ಳೆಯ ಮೆಕ್ಯಾನಿಕ್ಕು. ಬಾಯಿ ಮಾತ್ರ ಸ್ಪ್ಯಾನರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

"ಎರಡು ಪ್ಲೇಟ್ ಹಾಕ್ಬುಡ್ತೀನಿ ಅಕ್ಕ," ಎಂದ. "ಗಾಡಿ ಆನೆ ನಿಂತಂಗೆ ನಿಂತ್ಕತದೆ."

"ಆನೆ ಮ್ಯಾಲೆ ಕೊಪ್ಪರ್ಗೆ ಇಡೋರು ಯಾರಪ್ಪ?" ಎಂದರು ಪುಟ್ಟತಾಯಮ್ಮ.

"ಅದ್ಕೇನಜ್ಜಿ, ಇಬ್ರು ಆಳು ಮಡಿಕ್ಕಳಿ. ನಿಮ್ಗೂ ವಯಸ್ಸಾಯ್ತು. ಮನೇಲಿ ಆರಾಮಾಗಿರಿ."

ಆರಾಮಾಗಿರಿ. ಈ ಪದವನ್ನು ನಾನು ಬಹಳ ಕಾಲದಿಂದ ಗಮನಿಸುತ್ತಾ ಬಂದಿದ್ದೇನೆ. ಹೆಂಗಸಿಗೆ ಆರಾಮ ಬೇಕಾದಾಗ ಇದನ್ನು ಯಾರೂ ಹೇಳುವುದಿಲ್ಲ. ಬಾಣಂತನದಲ್ಲಿ ಹೇಳುವುದಿಲ್ಲ, ಜ್ವರ ಬಂದಾಗ ಹೇಳುವುದಿಲ್ಲ, ಹಬ್ಬದ ದಿನ ಸೊಂಟ ಹಿಡಿದುಕೊಂಡಾಗ ಹೇಳುವುದಿಲ್ಲ. ಅವಳು ಯಾವುದೋ ಒಂದಕ್ಕೆ ಅಡ್ಡ ಬಂದಾಗ ಮಾತ್ರ ಎಲ್ಲರಿಗೂ ಅವಳ ಆರಾಮ ನೆನಪಾಗುತ್ತದೆ.

ಪುಟ್ಟತಾಯಮ್ಮ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಎತ್ತಲಾಗದ ದಿನ ಬರುವುದಿಲ್ಲ ಎಂದವರು ಬರುವುದಿಲ್ಲ, ಅಷ್ಟೇ. ನಾವು ಕರೆದರೂ ಬರುವುದಿಲ್ಲ, "ಮುದ್ದೆ ಮಾತ್ರ ತೊಳಸಿ ಸಾಕು" ಎಂದರಂತೂ ಇನ್ನೂ ಬರುವುದಿಲ್ಲ. ಆಕೆ ದುಡಿಯುವುದು ಹೊಟ್ಟೆಪಾಡಿಗೆ ಮಾತ್ರವಲ್ಲ. ಗಾಡಿಯ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಎಚ್.ಡಿ. ಕೋಟೆಗೋ ಬೀಚನಹಳ್ಳಿಗೋ ಹೋಗುವಾಗ ಆಕೆಯ ಮುಖ ನೋಡಬೇಕು ನೀವು. ಅದನ್ನು ಎರಡು ಪ್ಲೇಟಿಗೆ ಬಲಿ ಕೊಡಲು ನನಗೆ ಮನಸ್ಸಿರಲಿಲ್ಲ. ಸಿಟ್ಟೂ ಬಂದಿತ್ತು.

"ನಂಜುಂಡ," ಎಂದೆ, "ಟೇಪು ಹುಡುಕ್ಬೇಡ. ಅಳತೆ ಇಲ್ಲೇ ನಿಂತಿದೆ. ಟ್ರೇ ಅಂಚು ಈ ಸಂಚಿಯಿಂದ ಮೇಲೆ ಹೋಗ್ಬಾರ್ದು. ಅಷ್ಟ್ರೊಳಗೆ ನೀನು ಏನು ಬೇಕಾದ್ರೂ ಮಾಡು."

ಅವನು ತಲೆ ಕೆರೆದುಕೊಂಡ. ಆಕ್ಸಲ್‌ಗೂ ಕಮಾನಿಗೂ ನಡುವೆ ಒಂದು ಕಬ್ಬಿಣದ ತುಂಡು ಇಟ್ಟು ನೋಡೋಣ ಎಂದ. ದಪ್ಪ ತುಂಡು ಇಟ್ಟರೆ ಹೆಚ್ಚು ಏರುತ್ತದೆ, ತೆಳುವಾದರೆ ಕಡಿಮೆ. ಜಾಕ್ ಕೊಟ್ಟು ಎತ್ತಿದ, ಉದ್ದದ ಬೋಲ್ಟು ಹಾಕಿದ, ತುಂಡು ಕೂರಿಸಿದ, ಗಾಡಿಯನ್ನು ಮತ್ತೆ ನೆಲಕ್ಕೆ ಇಳಿಸಿದ. ಅಷ್ಟರಲ್ಲಿ ಟೀ ಬಂತು.

ಟೀ ಬಂದರೆ ನಾವೇನು ಮಾಡುತ್ತೇವೆ? ನಾನೂ ರತ್ನಳೂ ಅಭ್ಯಾಸಬಲದಿಂದ ಟ್ರೇ ಅಂಚಿನ ಮೇಲೆ ಕೂತೆವು. ತಗ್ಗಿನ ಜಾಗ, ನೆರಳು ಬೇರೆ. ಟ್ರಾಕ್ಟರ್ ರಿಪೇರಿಗೆ ಬಂದಿದ್ದ ಇಬ್ಬರು ದಪ್ಪನೆಯ ಯಜಮಾನರೂ ಬಂದು ಕೂತರು. ನಂಜುಂಡನ ಅಪ್ಪನೂ ಬಂದು ಕೂತ. ಪುಟ್ಟತಾಯಮ್ಮ ಒಬ್ಬರೇ ಗಂಭೀರವಾಗಿ, ಪೊಲೀಸರ ಮುಂದೆ ಎತ್ತರ ಅಳೆಸಿಕೊಳ್ಳುವವರ ಹಾಗೆ, ಗಾಡಿಗೆ ತಾಗಿ ನಿಂತಿದ್ದರು. ನಂಜುಂಡ ಬಗ್ಗಿ ಅಂಚನ್ನೂ ಸಂಚಿಯನ್ನೂ ನೋಡಿ, ಇನ್ನೂ ಜಾಗ ಇದೆ ಎಂದ. ನಾವು ಇಳಿದೆವು, ಅವನು ತುಂಡು ಬದಲಾಯಿಸಿ ಇನ್ನೂ ದಪ್ಪದ್ದು ಹಾಕಿದ, ಗಾಡಿ ಕೆಳಗಿಳಿಯಿತು, ನಾವೆಲ್ಲ ಮತ್ತೆ ಹೋಗಿ ಕೂತೆವು. ಲೋಟದಲ್ಲಿ ಟೀ ಇನ್ನೂ ಇತ್ತಲ್ಲ.

"ಕರೆಕ್ಟ್," ಎಂದ ನಂಜುಂಡ. "ನೋಡಿ, ಸಂಚಿಗೆ ಕೂದ್ಲೆಳೆ ಅಷ್ಟೂ ವ್ಯತ್ಯಾಸ ಇಲ್ಲ." ಬೋಲ್ಟು ಬಿಗಿದ, ಕೈ ಒರೆಸಿಕೊಂಡ.

ಟೀ ಮುಗಿಯಿತು. ನಾನು ಇಳಿದೆ. ರತ್ನ ಇಳಿದಳು. ಯಜಮಾನರು ಇಳಿದರು. ನಂಜುಂಡನ ಅಪ್ಪ ಇಳಿದ. ಒಬ್ಬೊಬ್ಬರು ಇಳಿದ ಹಾಗೆ ಗಾಡಿ ಒಂದೊಂದು ಉಸಿರು ಎಳೆದುಕೊಂಡು ಮೇಲೆ ಬಂತು. ಸಂಚಿ ಮರೆಯಾಯಿತು, ಸೊಂಟ ಮರೆಯಾಯಿತು, ಅಂಚು ಪುಟ್ಟತಾಯಮ್ಮನ ಪಕ್ಕೆಲುಬಿಗೆ ಬಂದು ನಿಂತಿತು.

"ಅಯ್, ಇದ್ಯಾಕ್ಲಾ ನಂಜುಂಡ," ಎಂದರು ಆಕೆ, "ಗಾಡಿ ಎದ್ದು ನಿಂತ್ಕತು?"

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಐದು ಜನರ ಭಾರ ಹೇರಿಕೊಂಡು ಖಾಲಿ ಗಾಡಿಯ ಎತ್ತರ ಅಳೆಯುವ ಬುದ್ಧಿವಂತರು ನಾವಲ್ಲದೆ ಇನ್ಯಾರು? ಕೂರಬೇಡಿ ಎಂದು ನಂಜುಂಡನೂ ಹೇಳಲಿಲ್ಲ, ಏಳೋಣ ಎಂದು ನಮಗೂ ಹೊಳೆಯಲಿಲ್ಲ. ತಗ್ಗಾದ ಜಾಗದ ಗುಣವೇ ಅದು, ಯಾರನ್ನಾದರೂ ಕೂರಿಸಿಕೊಳ್ಳುತ್ತದೆ.

ನಂಜುಂಡ ಮಾತ್ರ ನಗಲಿಲ್ಲ. ಅವನ ಕಷ್ಟ ಅವನಿಗೆ. "ನೋಡಿ ಅಕ್ಕ," ಎಂದ, "ಏರ್ಸೋವಾಗ ಖಾಲಿ ಇರ್ತದೆ, ಆಗ ತಗ್ಗಾಗಿರ್ಬೇಕು ಅಂತೀರಿ. ಲೋಡ್ ಆದ್ಮೇಲೆ ಇನ್ನೂ ಕೂರ್ತದೆ, ಹಂಪು ಹೊಡೀತದೆ. ಎರಡೂ ಒಟ್ಗೆ ಎಂಗಾಯ್ತದೆ? ಫಾರಿನ್ ಗಾಡೀಲಿ ಬಟನ್ ಒತ್ತಿದ್ರೆ ಏರ್ತದೆ, ಇಳೀತದೆ. ಇದು ಕಮಾನು. ಇದಕ್ಕೆ ಬಟನ್ ಎಲ್ಲಿ?"

ಮಾತು ನ್ಯಾಯವಾಗಿತ್ತು. ಆದರೆ ನಮ್ಮ ಹುಡುಗ ಸೋಲುವವನಲ್ಲ. ಕಬ್ಬಿಣದ ತುಂಡನ್ನು ಕಿತ್ತು ಹಾಕಿದ. ಬದಲಿಗೆ ಒಂದು ಪ್ಲೇಟನ್ನು ವಾಪಸ್ ಸೇರಿಸಿದ, ಆದರೆ ಹೆಚ್ಚು ಬಾಗಿಲ್ಲದ, ಚಪ್ಪಟೆ ಪ್ಲೇಟು. ಖಾಲಿ ಗಾಡಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಭಾರ ಬಿದ್ದಾಗ ಮೊದಲಿನಷ್ಟು ಕುಸಿಯುವುದಿಲ್ಲ. ಸೈಲೆನ್ಸರನ್ನೂ ಒಂದಿಷ್ಟು ಮೇಲಕ್ಕೆ ಕಟ್ಟಿದ. ಈ ಸಲ ಯಾರೂ ಕೂರದ ಹಾಗೆ ಅವನ ಅಪ್ಪನನ್ನೇ ಕಾವಲು ನಿಲ್ಲಿಸಿದ. ಖಾಲಿ ಗಾಡಿ, ಪುಟ್ಟತಾಯಮ್ಮ, ಸಂಚಿ. ಸರಿಯಾಗಿ ಕೂತಿತು. ಊರಾಚೆ ಒಂದು ರೌಂಡ್ ಹೋಗಿ ಬಂದು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಂಡೆವು. (ಆರ್‌ಟಿಒದಲ್ಲಿ ಎಫ್‌ಸಿ ಮಾಡುವ ಸಾಹೇಬರು ಈ ಅಂಕಣ ಓದುತ್ತಿದ್ದರೆ ಹೇಳುತ್ತೇನೆ, ಗಾಡಿ ತರುತ್ತೇವೆ, ಎಲ್ಲ ತೋರಿಸುತ್ತೇವೆ, ಮುಚ್ಚುಮರೆ ಇಲ್ಲ.)

ಆಮೇಲೆ ನಾವು ಸುತ್ತಿದೆವು. ವೀರನಹೊಸಹಳ್ಳಿಯ ಕಡೆ ಒಂದು ನಾಮಕರಣ. ಕೆ.ಆರ್. ನಗರದಲ್ಲಿ ಗೃಹಪ್ರವೇಶ. ಎಚ್.ಡಿ. ಕೋಟೆ ದಾರಿಯಲ್ಲಿ ತಿಥಿ. ತುಂಬಿದ ಗಾಡಿ, ಸಾಲು ಸಾಲು ಹಂಪು. ಶಾಲೆ ಮುಂದಿನ ಹಂಪು, ಆಸ್ಪತ್ರೆ ಮುಂದಿನ ಹಂಪು, ಬಣ್ಣ ಬಳಿದ ಹಂಪು, ಬಣ್ಣವಿಲ್ಲದ ಹಂಪು. ಯಾವುದೂ ಮುಟ್ಟಲಿಲ್ಲ. ರತ್ನ ಪ್ರತಿ ಹಂಪಿಗೂ ಕಿವಿ ಕೆಳಗೆ ಮಾಡಿ ಕೇಳುತ್ತಿದ್ದಳು. ಸದ್ದಿಲ್ಲ.

ಅಂದರೆ ಉಳಿದದ್ದು ಒಂದೇ ಹಂಪು, ಈ ಹೊಸ ಪ್ಲೇಟಿಗೂ ದಾಟಲಾಗದಷ್ಟು ಎತ್ತರದ್ದು. ಜವರಪ್ಪನವರದು.

ಫೋನು ಮಾಡಿ ಮರ್ಯಾದೆಯಾಗಿಯೇ ಕೇಳಿದೆ. ಗಾಡಿ ಸರಿ ಮಾಡಿಸಿದ್ದೇವೆ ಯಜಮಾನ್ರೆ, ಎಲ್ಲಾ ಕಡೆ ದಾಟುತ್ತಿದೆ, ನಿಮ್ಮ ಹಂಪನ್ನು ಸ್ವಲ್ಪ ತಗ್ಗಿಸಿದರೆ ಮಕ್ಕಳಿಗೂ ಕ್ಷೇಮ ನಮಗೂ ದಾರಿ ಎಂದೆ. ಅವರು ನಕ್ಕರು. "ಹಂಪು ಊರಿಂದು ಕಣವ್ವ, ನಂದಲ್ಲ. ಗಾಡಿ ನಿಮ್ದು. ನಿಮ್ದು ಯಾವ್ದೋ ಅದ್ನ ಸರಿ ಮಾಡ್ಕಳಿ."

ಈ ಮಾತು ನನ್ನನ್ನು ಒಂದು ವಾರ ಕೊರೆಯಿತು. ಪಾತ್ರೆ ಉಜ್ಜುವಾಗಲೂ ಅದೇ, ಈರುಳ್ಳಿ ಹೆಚ್ಚುವಾಗಲೂ ಅದೇ. ಯೋಚಿಸಿ ನೋಡಿ. ಬಸ್ಸಿನ ಮೊದಲ ಮೆಟ್ಟಿಲು ಪುಟ್ಟತಾಯಮ್ಮನ ಮೊಣಕಾಲಿಗಿಂತ ಮೇಲಿದೆ. ಬ್ಯಾಂಕಿನ ಕೌಂಟರಿನಲ್ಲಿ ಒಳಗೆ ಕೂತವರಿಗೆ ಆಕೆಯ ಕೈ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಹೆರಿಗೆ ವಾರ್ಡಿನ ಮಂಚಕ್ಕೆ ತುಂಬು ಬಸುರಿ ಸ್ಟೂಲು ಹಾಕಿಕೊಂಡು ಹತ್ತಬೇಕು. ನನ್ನ ಸ್ವಂತ ಅಡುಗೆಮನೆಯ ಕಟ್ಟೆಯನ್ನು ಗಾರೆಯವನು ನನ್ನ ಗಂಡನನ್ನು ಪಕ್ಕಕ್ಕೆ ನಿಲ್ಲಿಸಿ ಅಳೆದ. ನನ್ನ ಗಂಡ ಆ ಕಟ್ಟೆಯ ಮುಂದೆ ನಿಂತಿದ್ದು ಅವತ್ತೇ ಮೊದಲು, ಅವತ್ತೇ ಕೊನೆ. ಇಷ್ಟೆಲ್ಲ ಎತ್ತರಗಳನ್ನು ಯಾರು ಯಾರನ್ನು ನಿಲ್ಲಿಸಿ ಅಳೆದರು? ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಅದು ಇರುವುದೇ ಹಾಗೆ, ನೀವೇ ಅಡ್ಜಸ್ಟ್ ಮಾಡಿಕೊಳ್ಳಿ.

ಮಾಡಿಕೊಂಡೆವಲ್ಲ. ಗಾಡಿಯನ್ನು ಬಿಚ್ಚಿ, ಕಟ್ಟಿ, ಏರಿಸಿ, ಇಳಿಸಿ, ಇಡೀ ಸೀಮೆಯ ಹಂಪುಗಳಿಗೆಲ್ಲ ಒಗ್ಗಿಸಿದೆವು. ಒಂದೇ ಒಂದಕ್ಕೆ ಒಗ್ಗಿಸುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಬೀಗರ ಊಟದ ಬೆಳಿಗ್ಗೆ ನಾವು ಹೊತ್ತಿಗೆ ಮುಂಚೆಯೇ ಹೋದೆವು. ಪೆಂಡಾಲು ಜವರಪ್ಪನವರ ಮನೆಯ ಆಚೆ ಖಾಲಿ ಸೈಟಿನಲ್ಲಿ. ಅದಕ್ಕಿರುವುದು ಒಂದೇ ಬೀದಿ. ರತ್ನ ಹಂಪಿನ ಮುಂದೆ ಗಾಡಿ ನಿಲ್ಲಿಸಿ ಕೀ ತೆಗೆದಳು. ಹಿಂದಿನ ಬಾಗಿಲು ಇಳಿಸಿ, ಕೊಪ್ಪರಿಗೆ, ಕಡಾಯಿ, ಒಲೆ, ರಾಗಿ ಹಿಟ್ಟಿನ ಚೀಲ ಎಲ್ಲವನ್ನೂ ರಸ್ತೆ ಬದಿಗೆ ಇಳಿಸಿದೆವು. ಪುಟ್ಟತಾಯಮ್ಮ ಒಂದು ಕೊಪ್ಪರಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಸಂಚಿ ಬಿಚ್ಚಿದರು.

ಜವರಪ್ಪನವರು ಹೊಸ ಪಂಚೆಯಲ್ಲಿ ಬಂದರು. "ಇದೇನವ್ವ, ಇಲ್ಲೇ ಇಳುಸ್ಬುಟ್ರಿ?"

"ನಮ್ಮ ಗಾಡಿ ಬರೋದು ಇಲ್ಲಿಗೇ ಯಜಮಾನ್ರೆ," ಎಂದೆ. "ಫೋನಲ್ಲಿ ಹೇಳಿದ್ನಲ್ಲ."

"ಅಷ್ಟೇ ತಾನೆ? ನಮ್ ಹೈಕ್ಳು ಹೊತ್ಕ ಓಯ್ತವೆ ಬುಡಿ."

ಹೊತ್ತರು, ಪಾಪ. ನಾಲ್ಕು ಜನ ಗಟ್ಟಿಮುಟ್ಟಾದವರು ದೊಡ್ಡ ಕೊಪ್ಪರಿಗೆ ಹಿಡಿದರು. ಹಂಪು ಹತ್ತುವಾಗ ಮುಂದಿನವನ ಕಾಲು ಅದರ ಅಂಚಿಗೆ ತಗುಲಿತು. ಕೊಪ್ಪರಿಗೆ ಢಣ್ಣೆಂದು ಬಿದ್ದು ಉರುಳಿ ಮೊದಲಿದ್ದ ಜಾಗಕ್ಕೇ ಬಂತು. ಇನ್ನೊಮ್ಮೆ ಎತ್ತಿದರು. ಒಬ್ಬ ಸೊಂಟ ಹಿಡಿದುಕೊಂಡು ಕೂತ. ಅವನ ಬದಲಿಗೆ ಇನ್ನೊಬ್ಬ ಬರಬೇಕು, ಆ ಇನ್ನೊಬ್ಬ ಶಾಮಿಯಾನದ ಹಗ್ಗ ಬಿಟ್ಟು ಬರಬೇಕು. ಬಿಸಿಲು ಏರುತ್ತಿತ್ತು. ಒಲೆ ಹಚ್ಚಿರಲಿಲ್ಲ, ಮಾಂಸ ಪೆಂಡಾಲಿನಲ್ಲಿತ್ತು, ಪಾತ್ರೆ ರಸ್ತೆಯಲ್ಲಿತ್ತು. ಬೀಗರ ಬಸ್ಸು ಹೊರಟಿದೆ ಎಂದು ಫೋನು ಬಂತು.

ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಬೀಗರು ಬಂದು ಕೂತಾಗ ಎಲೆ ಖಾಲಿಯಿದ್ದರೆ ಜವರಪ್ಪನವರ ಮರ್ಯಾದೆ ಹೋಗುವುದು ಒಂದು ದಿನ, ನಮ್ಮ ಹೆಸರು ಹೋಗುವುದು ಶಾಶ್ವತವಾಗಿ. ಬಾಯಿಯ ತನಕ ಬಂತು, "ಹೋಗಲಿ ಬಿಡಿ, ಈ ಸಲ ಹೇಗೋ ದಾಟಿಸೋಣ" ಎಂದು. ರತ್ನ ನನ್ನ ಮುಖ ನೋಡಿದಳು. ನಾನು ಪುಟ್ಟತಾಯಮ್ಮನ ಮುಖ ನೋಡಿದೆ.

"ತಾಯವ್ವ," ಎಂದರು ಜವರಪ್ಪನವರು, ದನಿ ಇಳಿದಿತ್ತು, "ಒಲೆ ಹಚ್ಚಕಿಲ್ವಾ?"

"ಹಚ್ತೀನಿ ಯಜಮಾನ್ರೆ. ಪಾತ್ರೆ ಅಲ್ಲಿಗೆ ಬರ್ಲಿ," ಎಂದರು ಪುಟ್ಟತಾಯಮ್ಮ.

ಆಗ ಮನೆಯೊಳಗಿಂದ ಅವರ ಸೊಸೆ ಬಂದರು. ಮದುವಣಗಿತ್ತಿಯ ತಾಯಿ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಯ ಕಡೆ ಹೋದರು, ಹಾರೆಯೊಂದನ್ನು ಎಳೆದುಕೊಂಡು ಬಂದು ಹಂಪಿನ ಮೇಲೆ ಮಲಗಿಸಿದರು. ಮಾವನ ಕಡೆ ನೋಡದೆ, ಮೆಲ್ಲಗೆ ಹೇಳಿದರು: "ನನ್ ಕಾಲ್ಗೆ ಪ್ಲಾಸ್ಟರ್ ಹಾಕಿದ್ರಲ್ಲ ಮಾವ, ಅವತ್ತು ಆಟೋದೋನು ಇದ್ನ ದಾಟಕಾಗಲ್ಲ ಅಂತ ಇಲ್ಲೇ ಇಳ್ಸಿ ಹೋದ. ಒಂಟಿ ಕಾಲಲ್ಲಿ ಕುಂಟ್ಕಂಡು ಬಂದೆ. ನೀವು ಜಗ್ಲಿ ಮೇಲೇ ಇದ್ರಿ."

ಜವರಪ್ಪನವರು ಹಾರೆಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಒಡೀರ್ಲಾ" ಎಂದು ಅವರು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಪಂಚೆ ಎತ್ತಿಕಟ್ಟಿಕೊಂಡು ಪೆಂಡಾಲಿನ ಕಡೆ ಹೋದರು. ಸೊಂಟ ಹಿಡಿದುಕೊಂಡು ಕೂತಿದ್ದವನೇ ಮೊದಲು ಎದ್ದು ಹಾರೆಗೆ ಕೈ ಹಾಕಿದ.

ಪೂರ್ತಿ ಒಡೆಯಲಿಲ್ಲ. ಪೂರ್ತಿ ಒಡೆಯಿರಿ ಎಂದು ನಾವೂ ಕೇಳಿರಲಿಲ್ಲ, ಮಕ್ಕಳು ಆಡುವ ಬೀದಿ. ತಲೆಯ ಭಾಗವನ್ನು ಮಾತ್ರ ಕೆತ್ತಿ, ಎರಡೂ ಕಡೆ ಇಳಿಜಾರು ಮಾಡಿದರು. ನಾವು ಎಲ್ಲವನ್ನೂ ಮತ್ತೆ ಗಾಡಿಗೆ ಏರಿಸಿದೆವು. ರತ್ನ ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದುಕೊಂಡು ಹತ್ತಿಸಿದಳು. ಸದ್ದಿಲ್ಲ. ಇಳಿಯಿತು.

ಊಟ ತಡವಾಯಿತು, ಆದರೆ ತಪ್ಪಲಿಲ್ಲ. ಬೀಗರು ಬಂದು, ಒಂದಿಷ್ಟು ಕಾದು, ಕೈ ತೊಳೆಯುವ ಹೊತ್ತಿಗೆ ಪುಟ್ಟತಾಯಮ್ಮನ ಮುದ್ದೆಯಿಂದ ಹಬೆ ಏಳುತ್ತಿತ್ತು. ಎರಡನೆಯ ಮುದ್ದೆ ಬೇಡ ಎಂದವರು ಯಾರೂ ಇರಲಿಲ್ಲ. ಜವರಪ್ಪನವರ ಸೊಸೆ ಕೊನೆಯ ಪಂಕ್ತಿಯಲ್ಲಿ ನಮ್ಮ ಜೊತೆ ಕೂತು ಉಂಡರು. ಹಂಪಿನ ಮಾತು ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.

ಪಾತ್ರೆ ತೊಳೆದದ್ದಾಯಿತು. ಬೆಳಿಗ್ಗೆಯ ಹುಡುಗರಲ್ಲಿ ಒಬ್ಬ ಹಿತ್ತಿಲ ಮೂಲೆಯಿಂದ ತೂರಾಡುತ್ತಾ ಬಂದು, "ಬುಡಜ್ಜಿ, ನಾವ್ ಎತ್ತುತೀವಿ" ಎಂದ. ಪುಟ್ಟತಾಯಮ್ಮ ತಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ಬ್ಯಾಡ ಕಣ್ಮಗ, ನೀ ಓಗು" ಎಂದರು. ರತ್ನ ಒಂದು ಬಳೆ, ಆಕೆ ಒಂದು ಬಳೆ. ಒಂದು ತೂಗು, ಒಂದು ತಳ್ಳು. ಎಲ್ಲ ಏರಿದ ಮೇಲೆ ಅಂಚಿನ ಮೇಲೆ ಸಾಲಾಗಿ ಕೂತು ಟೀ ಕುಡಿದೆವು.

ಹೊರಡುವಾಗ ಜವರಪ್ಪನವರು ಮತ್ತೆ ಜಗಲಿಯ ಮೇಲಿದ್ದರು. ಮುದ್ದೆ ಚೆನ್ನಾಗಿತ್ತು ಎಂದರು. ಕೆತ್ತಿದ ಹಂಪನ್ನು ನೋಡಿಕೊಂಡು, ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟರು: "ಅಲ್ಲಾ ಕಣವ್ವ, ಇಷ್ಟೆಲ್ಲಾ ರಾದ್ಧಾಂತ ಯಾಕೆ ಬೇಕಿತ್ತು? ಆ ಗಾಡೀನೇ ಒಸಿ ಎತ್ರ ಮಾಡ್ಸಿದ್ರೆ ಆಗ್ತಿರ್ಲಿಲ್ವಾ?"

ಪುಟ್ಟತಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮಾಡುಸ್ಬೋದಾಗಿತ್ತು ಯಜಮಾನ್ರೆ. ಆಮ್ಯಾಕೆ ನನ್ನ ಯಾವ ಗ್ಯಾರೇಜಲ್ಲಿ ಎತ್ರ ಮಾಡುಸ್ತಿದ್ರಿ?"